ಅಪ್ಪನ ವೆಂಟಿಲೇಟರ್ ಬಿಡಿಸಿದ ಐಸಿಯು ಬಗ್ಗೆ

ಅಪ್ಪನಿಗೆ ಇಲಿಜ್ವರ ಅಂತ ಗೊತ್ತಾಗುವಷ್ಟರಲ್ಲಿ ಶ್ವಾಸಕೋಶಕ್ಕೆ ಬಂದಾಗಿತ್ತು. ಜುಲೈ ಮಳೆಗೆ ತೋಟದ ನೀರಲ್ಲಿ ಬರಿಗಾಲಲ್ಲಿ ಕೆಲಸ ಮಾಡಿದ್ದು. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ 9 ದಿನ ವೆಂಟಿಲೇಟರಲ್ಲಿದ್ರು. ಹೆಸರು ಹಾಕುದಿಲ್ಲ, ಒಂದು ದೂರು ಸಹ ಉಂಟು.

ವೆಂಟಿಲೇಟರಿಗೆ ಹಾಕಿದ್ರೆ ಮತ್ತೆ ವಾಪಸ್ ಬರ್ಲಿಕ್ಕಿಲ್ಲ ಅಂತ ಊರಲ್ಲಿ ಎಲ್ರೂ ಹೆದರಿಸಿದ್ರು. ಹಾಕುದಕ್ಕಿಂತ ಬಿಡಿಸುದು ದೊಡ್ಡ ಕೆಲಸ ಅಂತ ಅಲ್ಲಿ ನೋಡಿಯೇ ನನಗೆ ಗೊತ್ತಾದ್ದು. ಮೆಷಿನಿಂದ ಕೊಡುವ ಆಕ್ಸಿಜನ್ 40 ಪರ್ಸೆಂಟಿಗೆ ಇಳಿಸಿದ ಮೇಲೆ ದಿನಾ ಬೆಳಿಗ್ಗೆ ನಿದ್ದೆ ಮದ್ದು ನಿಲ್ಸಿ ಎಬ್ಬಿಸುದು, ಕಣ್ಣು ಬಿಡಿ, ಕೈ ಗಟ್ಟಿ ಹಿಡೀರಿ ಅಂತ ಹೇಳಿ ನೋಡುದು, ಆಮೇಲೆ ಮೆಷಿನಿನ ಸಪೋರ್ಟ್ ಕಮ್ಮಿ ಮಾಡಿ ಅರ್ಧ ಗಂಟೆ ಅವರಷ್ಟಕ್ಕೇ ಉಸಿರಾಡ್ಲಿಕ್ಕೆ ಬಿಡುದು. ಮೊದಲ ದಿನ ನನ್ನನ್ನೂ ಒಳಗೆ ಕರೆದಿದ್ರು. 10 ನಿಮಿಷ ಆಗ್ಲಿಲ್ಲ, ಉಸಿರು ನಿಮಿಷಕ್ಕೆ 38, ಹಣೆ ತುಂಬ ಬೆವರು, ಕುತ್ತಿಗೆ ಒಳಗೆ ಒಳಗೆ ಎಳೀತಿತ್ತು. ಕೂಡ್ಲೆ ಸಪೋರ್ಟ್ ವಾಪಸ್ ಕೊಟ್ರು. ನಾನು ಅಲ್ಲೇ ಅತ್ತೆ. ಡಾಕ್ಟ್ರು, "ಇದು ಸೋತದ್ದಲ್ಲ ಮಾರಾಯ್ರೆ, ಉಸಿರಾಟದ ಸ್ನಾಯು ಒಂದು ವಾರ ಕೆಲಸ ಇಲ್ದೆ ಸೊರಗಿದೆ, ಮೈಯಲ್ಲಿ ನೀರು ಸಹ ಜಾಸ್ತಿ ಉಂಟು, ಅದನ್ನು ಇಳಿಸಿ ನಾಳೆ ನೋಡುವ" ಅಂದ್ರು. ಯಾಕಾಗ್ಲಿಲ್ಲ ಅಂತ ಹುಡುಕಿ ಸರಿ ಮಾಡಿ ಮತ್ತೆ ನೋಡ್ತಾರಲ್ಲ, ಇದಕ್ಕೇ ನಾನು ಫುಲ್ ಮಾರ್ಕ್ಸ್ ಕೊಡುದು. ಫಿಸಿಯೋದವ್ರು ಬಾಯಲ್ಲಿ ಟ್ಯೂಬ್ ಇರುವಾಗಲೇ ಹಿಡಿದು ಮಂಚದ ಅಂಚಲ್ಲಿ ಕೂರಿಸ್ತಿದ್ರು.

ಮೂರನೇ ಸಲಕ್ಕೆ ಅರ್ಧ ಗಂಟೆ ತಡೆದ್ರು. ಗಂಟಲೊಳಗೆ ಟ್ಯೂಬಿನ ಸುತ್ತ ಇರುವ ಸಣ್ಣ ಬಲೂನಿನ ಗಾಳಿ ತೆಗ್ದು, ಪಕ್ಕದಿಂದ ಉಸಿರು ಲೀಕ್ ಆಗ್ತದಾ, ಗಂಟಲು ಬಾತಿಲ್ವಾ ಅಂತ ನೋಡಿಯೇ ಟ್ಯೂಬ್ ತೆಗ್ದದ್ದು. ಮೂಗಿಗೆ ಹೈ ಫ್ಲೋ ಆಕ್ಸಿಜನ್ ಇಟ್ರು, 48 ಗಂಟೆ ದಾಟಿದ್ರೆ ಧೈರ್ಯ ಅಂದ್ರು. ಅಪ್ಪ ಗೊಗ್ಗರು ಸ್ವರದಲ್ಲಿ ಮೊದಲು ಕೇಳಿದ್ದು ನೀರು. ನುಂಗ್ಲಿಕ್ಕೆ ಆಗ್ತದಾ ಅಂತ ನೋಡದೆ ಕೊಡ್ಲಿಕ್ಕಿಲ್ಲ ಅಂತ ಸಿಸ್ಟರ್ ಒದ್ದೆ ಹತ್ತಿಯಲ್ಲಿ ತುಟಿ ಒರೆಸಿದ್ರು, ಟ್ಯೂಬ್ ಕಟ್ಟಿದ ಕಡೆ ತುಟಿ ಒಡೆದಿತ್ತು, ಅಲ್ಲಿ ಮುಟ್ಟದ ಹಾಗೆ.

ದೂರು ಇಷ್ಟೇ, ಎರಡನೇ ಸಲ ಫೇಲಾದ ರಾತ್ರಿ ಡ್ಯೂಟಿಯವ್ರು ಫೋನ್ ಮಾಡಿ ಕುತ್ತಿಗೆಗೆ ತೂತು ಮಾಡ್ಬೇಕಾಗ್ಬಹುದು (ಬಾಯಿಯ ಬದಲು ಅಲ್ಲಿಂದ ಉಸಿರಿನ ಟ್ಯೂಬ್ ಹಾಕ್ಲಿಕ್ಕೆ), ಸೈನ್ ಹಾಕ್ಲಿಕ್ಕೆ ಬನ್ನಿ ಅಂತ ಹೇಳಿ ಇಟ್ಟೇ ಬಿಟ್ರು. ಅಮ್ಮ ಬೆಳಗ್ಗಿನವರೆಗೆ ದೇವರ ಕೋಣೆಯಿಂದ ಎದ್ದು ಬರ್ಲಿಲ್ಲ. ಈಗ್ಲೇ ಅದು ಬೇಡ, ಬೇಕಾದ್ರೂ ಹೆದರುವಂಥದ್ದಲ್ಲ ಅಂತ ದೊಡ್ಡ ಡಾಕ್ಟ್ರು ಬೆಳಿಗ್ಗೆ ಹೇಳಿದ್ದನ್ನು ರಾತ್ರಿಯೇ ಎರಡು ಮಾತಲ್ಲಿ ಹೇಳ್ಬಹುದಿತ್ತು.

ನಿಮ್ಮವರು ಒಳಗಿದ್ರೆ ರೌಂಡ್ಸ್ ಆದ ಮೇಲೆ ಇವತ್ತು ಅವರಷ್ಟಕ್ಕೇ ಉಸಿರಾಡುವ ಟ್ರಯಲ್ ಮಾಡಿದ್ರಾ, ಎಷ್ಟು ಹೊತ್ತು ತಡೆದ್ರು, ಯಾಕೆ ನಿಲ್ಸಿದ್ದು ಅಂತ ಕೇಳಿ. ನಮಗಲ್ಲಿ ಕೇಳಿದಷ್ಟು ಸಲವೂ ನಿಂತು ಉತ್ತರ ಕೊಟ್ಟಿದ್ದಾರೆ.