ಎಕಿನೇಶಿಯಾನಾ, ಗಲಾಟೆ ಹೂವಾ? ಕೊಪ್ಪಳದ ಹಿತ್ತಲಲ್ಲಿ ಮೂರು ವರ್ಷ

ಎಕಿನೇಶಿಯಾ, ಗಲಾಟೆ (ಗೈಲಾರ್ಡಿಯಾ) ಎರಡೂ ಉತ್ತರ ಅಮೆರಿಕದ ಹುಲ್ಲುಗಾವಲಿನ ಹೂಗಳು. ಎರಡರ ಪ್ಯಾಕೆಟ್ ಮೇಲೂ 'ಹಾರ್ಡಿ' ಅಂತ ಬರೆದಿತ್ತು, ಒಮ್ಮೆ ಹಚ್ಚಿದರೆ ವರ್ಷಾ ವರ್ಷಾ ತಾನೇ ಚಿಗುರುತ್ತದೆ ಅಂತಾನೂ ಇತ್ತು. ಮೂರು ವರ್ಷ ಎರಡನ್ನೂ ಅಕ್ಕಪಕ್ಕ ಬೆಳೆಸಿದ್ದೇನೆ. ನಿಮ್ಮಲ್ಲಿ ಒಂದೇ ಮಡಿಗೆ ಜಾಗ ಇದ್ದರೆ ಗಲಾಟೆ ಹೂ ಹಚ್ಚಿ.

ಆ 'ಹಾರ್ಡಿ' ನಂಬಿ ನಾನು ಮೋಸ ಹೋದೆ. ಅದು ಹಿಮ ಬೀಳುವ ಊರಿನವರ ಮಾತು. ಎಕಿನೇಶಿಯಾ ಬೇರು ಮೈನಸ್ 30 ಡಿಗ್ರಿ ಚಳಿಯಲ್ಲೂ ನೆಲದೊಳಗೆ ಮಲಗಿದ್ದು, ಚಳಿ ಮುಗಿದ ಮೇಲೆ ಮತ್ತೆ ಏಳುತ್ತದೆ. ನಮ್ಮಲ್ಲಿ ಮಲಗೋಕೆ ಚಳಿ ಎಲ್ಲಿದೆ? ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ದಾಟುತ್ತದೆ, ರಾತ್ರಿ ಹತ್ತಾದರೂ ಗೋಡೆ ಕಾದೇ ಇರುತ್ತದೆ.

ಬೀಜದಲ್ಲೇ ವ್ಯತ್ಯಾಸ ಗೊತ್ತಾಯಿತು. ಗಲಾಟೆ ಬೀಜವನ್ನು ಸೆಪ್ಟೆಂಬರ್ ಕೊನೆಗೆ ಟ್ರೇಯಲ್ಲಿ ಉದುರಿಸಿ, ಮೇಲೆ ಮಣ್ಣು ಮುಚ್ಚದೆ ಸುಮ್ನೆ ಒತ್ತಿ ಬಿಟ್ಟೆ, ಯಾಕಂದರೆ ಅದಕ್ಕೆ ಬೆಳಕು ಬೇಕು. ಹತ್ತು ದಿನಕ್ಕೆ ಮೊಳಕೆ. ಎಕಿನೇಶಿಯಾ ಬೀಜವನ್ನು ಹಸಿ ಮರಳಿನಲ್ಲಿ ಕಲಸಿ ಒಂದು ತಿಂಗಳು ಫ್ರಿಜ್‌ನಲ್ಲಿಟ್ಟಿದ್ದೆ. ಮೊಸರಿನ ಪಕ್ಕ ಮರಳಿನ ಡಬ್ಬಿ ನೋಡಿ ಅವ್ವ ಬೈದಳು. ಇಪ್ಪತ್ತು ಬೀಜಕ್ಕೆ ಏಳು ಸಸಿ ಬಂದವು. ಮೊದಲ ವರ್ಷ ಬರೀ ಎಲೆ.

ಗಲಾಟೆ ಗಿಡ ಮಾತ್ರ ಜನವರಿಯ ಗವಿಮಠದ ಜಾತ್ರೆ ಹೊತ್ತಿಗೆ ಮಡಿ ತುಂಬಾ ಕೆಂಪು, ಅಂಚಿಗೆ ಹಳದಿ.

ಇನ್ನು ಮಣ್ಣು. ನಮ್ಮದು ಎರೆ ಮಣ್ಣು, ಮಳೆಗಾಲದಲ್ಲಿ ನೀರು ಹಿಡಿದಿಟ್ಟುಕೊಂಡು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವಂಥದ್ದು. ಮೊದಲ ಸಲ ಹಚ್ಚಿದ ಗಲಾಟೆ ಸಸಿಗಳು ಬಿಸಿಲಿಗೆ ಸಾಯಲಿಲ್ಲ, ಆಗಸ್ಟ್‌ನಲ್ಲಿ ನಾಲ್ಕು ದಿನ ಹಿಡಿದ ಮಳೆಗೆ ಬುಡ ಕೊಳೆತು ಸತ್ತವು. ಒಂದು ಗಿಡ ಕಿತ್ತು ನೋಡಿದರೆ ಬೇರು ಕಪ್ಪಾಗಿ, ಕೈಗೆ ಅಂಟುವ ಹಾಗಿತ್ತು, ತುಂಬಾ ಬೇಜಾರಾಯಿತು. ಆಮೇಲೆ ಒಂದು ಅಡಿ ಎತ್ತರದ ಮಡಿ ಕಟ್ಟಿದೆ. ಅರ್ಧ ಕೆಂಪು ಮಸಾರಿ ಮಣ್ಣು, ಉಳಿದದ್ದಕ್ಕೆ ಮರಳು, ಸ್ವಲ್ಪ ಎರೆ. ಗೊಬ್ಬರ ಒಂದೇ ಬೊಗಸೆ ಸಾಕು. ಜಾಸ್ತಿ ಹಾಕಿದ ಕಡೆ ಗಲಾಟೆ ಬರೀ ಎಲೆ ಬಿಟ್ಟು ಮಗ್ಗುಲಿಗೆ ಮಲಗಿತು. ಬೇರು ಹಿಡಿದ ಮೇಲೆ ವಾರಕ್ಕೆರಡು ಸಲ ನೀರು. ನಾನು ದಿನಾ ಹಾಕುತ್ತಿದ್ದಾಗ ಅವ್ವ "ನೀರು ಹಾಕಿ ಹಾಕೀನ ಕೊಲ್ತಿ ನೋಡು" ಅಂದಿದ್ದಳು. ಅವಳ ಮಾತೇ ನಿಜವಾಯಿತು.

ಎಕಿನೇಶಿಯಾವನ್ನು ಅದೇ ಎತ್ತರದ ಮಡಿಗೆ ಹಚ್ಚಿದರೂ ಮಧ್ಯಾಹ್ನದ ಬಿಸಿಲಿಗೆ ಎಲೆ ಸುಟ್ಟವು. ಉಳಿದ ನಾಲ್ಕನ್ನು ದೊಡ್ಡ ಕುಂಡಕ್ಕೆ ಹಾಕಿ, ಹನ್ನೆರಡರ ನಂತರ ನೆರಳು ಬರುವ ಪೂರ್ವದ ಗೋಡೆಗೆ ಸರಿಸಿದೆ. ಎರಡನೇ ವರ್ಷ ಜೂನ್ ಕೊನೆಗೆ ಎರಡು ಗಿಡ ಹೂ ಬಿಟ್ಟವು. ಹಗಲು ಉದ್ದ ಇದ್ದಾಗಲೇ ಚೆನ್ನಾಗಿ ಹೂ ಬಿಡುವ ಗಿಡ ಅದು, ನಮ್ಮಲ್ಲಿ ಜೂನ್‌ನಲ್ಲೂ ಹಗಲು ಹೆಚ್ಚುಕಡಿಮೆ 13 ತಾಸು ಅಷ್ಟೇ. ಆದರೆ ಆ ಹೂ! ನೇರಳೆ ಗುಲಾಬಿ ಎಸಳು ಕೆಳಗೆ ಇಳಿಬಿದ್ದು, ನಡುವೆ ಕಿತ್ತಳೆ ಬಣ್ಣದ ಮುಳ್ಳಿನ ಗುಬುಟು. ಮುಳ್ಳಿಲಿಗೆ ಗ್ರೀಕ್ ಭಾಷೆಯಲ್ಲಿರುವ ಹೆಸರಿನಿಂದಲೇ ಇದಕ್ಕೆ ಹೆಸರು ಬಂದದ್ದು. ಒಂದೊಂದು ಹೂ ಮೂರು ವಾರ ನಿಂತಿತು, ಬೆಳಗ್ಗೆ ಎದ್ದರೆ ಚಿಟ್ಟೆ ಕೂತಿರುತ್ತಿತ್ತು.

 

ಗಲಾಟೆ ತರುವಾಗ ಒಂದು ಗಮನಿಸಿ. ಹಾರಕ್ಕೆ ಹೆಚ್ಚಾಗಿ ಬೆಳೆಯುವ ಪುಲ್ಚೆಲ್ಲಾ ಒಂದು ವರ್ಷದ ಜಾತಿ. ನಾನು ಹಚ್ಚಿದ್ದು ಗ್ರಾಂಡಿಫ್ಲೋರಾ, ಪುಲ್ಚೆಲ್ಲಾವನ್ನು ಬಹುವಾರ್ಷಿಕ ಅರಿಸ್ಟಾಟಾ ಜೊತೆ ಕೂಡಿಸಿದ ತಳಿ. ಅದರ ಆಯಸ್ಸೂ ಎರಡು ಮೂರು ವರ್ಷವೇ. ಒಣಗಿದ ಹೂ ಚಿವುಟುತ್ತಾ ಹೋದರೆ ತಿಂಗಳುಗಟ್ಟಲೆ ಬಿಡುತ್ತದೆ. ಕೊನೆಯ ಹತ್ತಿಪ್ಪತ್ತು ಹೂಗಳನ್ನು ಗಿಡದಲ್ಲೇ ಬಿಡಿ. ಉದುರಿದ ಬೀಜದಿಂದ ಈ ಸಲ ಮಡಿಯ ಆಚೆ, ಕಲ್ಲು ಚಪ್ಪಡಿಯ ಸಂದಿಯಲ್ಲೂ ಐದು ಸಸಿ ಎದ್ದಿವೆ. ಕುಂಡದಲ್ಲಿ ಎಕಿನೇಶಿಯಾ ಎರಡೇ ಉಳಿದಿವೆ. ಅವುಗಳ ಬೀಜ ತೆಗೆದು ಮತ್ತೆ ಮರಳಲ್ಲಿ ಕಲಸಿದ್ದೇನೆ, ಈ ಸಲ ಫ್ರಿಜ್‌ನ ಕೆಳಗಿನ ತಟ್ಟೆಯಲ್ಲಿ, ಮೊಸರಿನಿಂದ ದೂರ.