ಹಸಿರು ಲೇಸರ್ ಅಲೈನ್ ಮಾಡಲು ಯಾವ ಗಾಗಲ್?

ಲ್ಯಾಬಿಗೆ ಹೊಸದಾಗಿ ಸೇರಿದ ಹುಡುಗಿ ಮೊನ್ನೆ ಕೇಳಿದಳು: "ಅಕ್ಕಾ, ಗಾಗಲ್ ಹಾಕ್ಕೊಂಡ್ರ ಬೀಮ್ ಕಾಣಂಗಿಲ್ಲ. ತಗದ್ರ ನೀವು ಬೈತೀರಿ. ಮತ್ತ ಅಲೈನ್ ಹೆಂಗ ಮಾಡ್ಲಿ?"

ನ್ಯಾಯವಾದ ಪ್ರಶ್ನೆ. ಅಲೈನ್ ಅಂದರೆ ಮಿರರ್ ತಿರುಗಿಸಿ ಬೀಮನ್ನು, ಅಂದರೆ ಲೇಸರ್ ಕಿರಣವನ್ನು, ಬೇಕಾದ ದಾರಿಗೆ ತರುವುದು. ಧಾರವಾಡಕ್ಕೆ ಬಂದ ಮೊದಲ ಮಳೆಗಾಲದಲ್ಲಿ ನಾನೂ ನಮ್ಮ ಸೀನಿಯರ್‌ಗೆ ಇದನ್ನೇ ಕೇಳಿದ್ದೆ. ಲೇಸರ್ ಲ್ಯಾಬಿನಲ್ಲಿ ಕಣ್ಣಿಗೆ ಪೆಟ್ಟಾಗುವುದು ಹೆಚ್ಚಾಗಿ ಅಲೈನ್‌ಮೆಂಟ್ ಹೊತ್ತಿನಲ್ಲಿ, ಅದೂ ಗಾಗಲ್ ಹಣೆ ಮೇಲೆ ಏರಿದಾಗ. ರೆಟಿನಾ ಸುಟ್ಟರೆ ನೋವೇ ಆಗುವುದಿಲ್ಲ. ಅದಕ್ಕೇ ನನಗೆ ಈ ವಿಷಯದಲ್ಲಿ ಇಷ್ಟು ಕಾಳಜಿ.

ನಮ್ಮದು 532 ನ್ಯಾನೋಮೀಟರ್‌ನ ಹಸಿರು ಲೇಸರ್, 200 ಮಿಲಿವ್ಯಾಟ್. ಅಂದರೆ ಕ್ಲಾಸ್ 3ಬಿ, ಬೀಮ್ ನೇರವಾಗಿ ಬಿದ್ದರೆ ಕಣ್ಣಿಗೆ ಅಪಾಯ. ಕಣ್ಣು ತಾನಾಗಿ ಮಿಟುಕಲು ಸುಮಾರು ಕಾಲು ಸೆಕೆಂಡ್ ಬೇಕು. ಆ ಮಿಟುಕು ನಮ್ಮನ್ನು ಕಾಯುವುದು 1 ಮಿಲಿವ್ಯಾಟ್‌ವರೆಗೆ ಮಾತ್ರ.

ಮೊದಲು ಹಾಕಿದ್ದು ಕಡು ಕಿತ್ತಳೆ ಬಣ್ಣದ ಗಾಗಲ್. ಮೇಲೆ ಓಡಿ (ಆಪ್ಟಿಕಲ್ ಡೆನ್ಸಿಟಿ, ಬೆಳಕು ತಡೆಯುವ ಅಳತೆ) 6 ಅಂತ ಬರೆದಿರುತ್ತದೆ. ನಮ್ಮ ಲೇಸರಿನ ಬೆಳಕನ್ನು 10 ಲಕ್ಷ ಪಟ್ಟು ಇಳಿಸುತ್ತದೆ. ಕಣ್ಣಿಗೆ ಇದಕ್ಕಿಂತ ಒಳ್ಳೆಯದು ಬೇಕಿಲ್ಲ. ಆದರೆ ಬೀಮ್ ಪೂರ್ತಿ ಮಾಯ. ಮಿರರ್ ತಿರುಪು ತಿರುಗಿಸುತ್ತೀರಿ, ಚುಕ್ಕೆ ಎಲ್ಲಿ ಹೋಯಿತೋ ಗೊತ್ತಾಗುವುದಿಲ್ಲ. ಹತ್ತು ನಿಮಿಷ ಕಳೆದರೆ ಕೈ ತಾನಾಗಿ ಗಾಗಲ್ ಕಡೆ ಹೋಗುತ್ತದೆ.

ಆಮೇಲೆ ಅಲೈನ್‌ಮೆಂಟ್ ಗಾಗಲ್. ಇದು ತೆಳು, ನಮ್ಮಲ್ಲಿರುವುದು ಓಡಿ 2. ಚುಕ್ಕೆ ಚೆನ್ನಾಗಿ ಕಾಣುತ್ತದೆ, ಕೆಲಸ ಬೇಗ ಮುಗಿಯುತ್ತದೆ. ಆದರೆ ಲೆಕ್ಕ ನೋಡಿ. ಓಡಿ 2 ಅಂದರೆ 100 ಪಟ್ಟು ಮಾತ್ರ. 200 ಮಿಲಿವ್ಯಾಟ್ ಬೀಮ್ ನೇರವಾಗಿ ಬಡಿದರೆ 2 ಮಿಲಿವ್ಯಾಟ್ ಒಳಗೆ ಬರುತ್ತದೆ. ಅದು ಜಾಸ್ತಿ. ಹಾಗಾಗಿ ಇದನ್ನು ಹಾಕುವ ಮೊದಲು ಪವರ್ ಇಳಿಸಲೇಬೇಕು. ನಾನು 10 ಮಿಲಿವ್ಯಾಟ್‌ಗೆ ತರುತ್ತೇನೆ. ಲೇಸರಿನ ಕರೆಂಟ್ ಕಡಿಮೆ ಮಾಡಿ ಅಲ್ಲ. ಹಾಗೆ ಮಾಡಿದರೆ ಬೀಮಿನ ಆಕಾರವೂ ದಿಕ್ಕೂ ಚೂರು ಬದಲಾಗಬಹುದು, ಮಾಡಿದ ಅಲೈನ್‌ಮೆಂಟ್ ವ್ಯರ್ಥ. ಬೀಮಿನ ದಾರಿಯಲ್ಲಿ ಹಾಫ್ ವೇವ್ ಪ್ಲೇಟ್ (ಬೆಳಕಿನ ಧ್ರುವೀಕರಣ ತಿರುಗಿಸುವ ತಟ್ಟೆ), ಪೋಲರೈಸರ್ (ಒಂದೇ ಧ್ರುವೀಕರಣದ ಬೆಳಕನ್ನು ಮುಂದೆ ಬಿಡುವ ಸಾಧನ) ಇಟ್ಟು ಇಳಿಸಬೇಕು. ಪಕ್ಕಕ್ಕೆ ಸಿಡಿಯುವ ಬೀಮಿಗೆ ಬೀಮ್ ಡಂಪ್ (ಬೀಮನ್ನು ನುಂಗಿಬಿಡುವ ತಡೆ) ಇಡಲು ಮರೆಯಬಾರದು.

ಮೂರನೆಯದು ವೆಬ್‌ಕ್ಯಾಮ್. ಕಡು ಗಾಗಲ್ ಹಾಕಿಕೊಂಡೇ ಚುಕ್ಕೆಯನ್ನು ಮಾನಿಟರ್‌ನಲ್ಲಿ ನೋಡುವುದು. ಮೊದಲ ದಿನ ಏನೂ ಕಾಣಲಿಲ್ಲ. ಮಾನಿಟರಿನ ಹಸಿರನ್ನೂ ಗಾಗಲ್ ನುಂಗಿಬಿಡುತ್ತದೆ ಅಲ್ವಾ! ಚಿತ್ರವನ್ನು ಕಪ್ಪು-ಬಿಳುಪು ಮಾಡಿದ ಮೇಲೆ ಸರಿಹೋಯಿತು. ಕೊನೆಯ ಐರಿಸ್ (ಬೀಮ್ ಹಾಯಬೇಕಾದ ಚಿಕ್ಕ ತೂತಿನ ತಟ್ಟೆ) ಮೇಲೆ ಚುಕ್ಕೆಯನ್ನು ಕೂದಲೆಳೆಯಷ್ಟು ಸರಿಸಲು ಇದಕ್ಕೆ ಸಾಟಿ ಇಲ್ಲ. ಆದರೆ ಕ್ಯಾಮೆರಾ ನೋಡುವುದು ಒಂದೇ ಜಾಗ. ದಾರಿ ತಪ್ಪಿ ಗೋಡೆಗೆ ಹೋದ ಬೀಮ್ ಅದಕ್ಕೆ ಕಾಣುವುದಿಲ್ಲ.

ಆ ದಾರಿ ತಪ್ಪಿದ ಬೀಮನ್ನು ನಾನು ಕಣ್ಣಾರೆ ಕಂಡಿದ್ದೇನೆ. ವಾಚು, ಉಂಗುರ ತೆಗೆದಿಟ್ಟಿದ್ದೆ. ಗಾಜಿನ ಬಳೆ ಮಾತ್ರ ಕೈಯಲ್ಲೇ ಇತ್ತು. ತೆಳು ಗಾಗಲ್‌ನಲ್ಲಿ ಕೆಲಸ ಮಾಡುತ್ತಿದ್ದೆ. ಮಿರರ್ ಹಿಡಿಯಲು ಕೈ ಚಾಚಿದೆ. ಎದುರು ಗೋಡೆ ಮೇಲೆ ಹಸಿರು ಗೆರೆಯೊಂದು ಸರ್ರನೆ ಓಡಿತು. ಬಾಗಿಲ ಪಕ್ಕದ ಕುರ್ಚಿಯಲ್ಲಿ ಯಾರಾದರೂ ಕೂತಿದ್ದರೆ ಅದು ಅವರ ಕಣ್ಣಿನ ಎತ್ತರವೇ. ಸೀನಿಯರ್ ಲೇಸರಿನ ಶಟರ್ ಮುಚ್ಚಿ ಇಷ್ಟೇ ಹೇಳಿದರು: "ತಂಗಿ, ಬಳಿ ತಗದಿಡು. ಪೆನ್ನ ಬಿದ್ರೂ ಬೀಮಿನ ಕಡೆ ಮುಖಾ ಮಾಡಿ ಬಾಗಬ್ಯಾಡ." ಅವತ್ತಿನಿಂದ ಬಳೆಗೆ ಬಾಗಿಲ ಹತ್ತಿರ ಒಂದು ಸ್ಟೀಲ್ ಡಬ್ಬಿ ಇದೆ.

ಈಗ ನಾನು ಯಾವುದನ್ನು ಬಳಸುತ್ತೇನೆ? ಕಡು ಗಾಗಲ್ಲೇ, ಜೊತೆಗೆ ಒಂದು ಚೀಟಿ. ಸುಭಾಷ್ ರೋಡಿನ ಸ್ಟೇಷನರಿ ಅಂಗಡಿಯಲ್ಲಿ ಸಿಗುವ, ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಅಂಟು ಚೀಟಿ. ಹಸಿರು ಬೆಳಕು ಬಿದ್ದರೆ ಅದು ಕಿತ್ತಳೆ-ಕೆಂಪಾಗಿ ಹೊಳೆಯುತ್ತದೆ. ಗಾಗಲ್ ಹಸಿರನ್ನು ತಡೆಯುತ್ತದೆ, ಆ ಕಿತ್ತಳೆ ಬೆಳಕನ್ನು ಬಿಡುತ್ತದೆ. ಬೀಮ್ ಕಾಣದಿದ್ದರೂ ಅದು ಬಿದ್ದ ಜಾಗ ಕೆಂಡದ ಚುಕ್ಕೆ ಹಾಗೆ ಕಾಣುತ್ತದೆ! ಪವರ್ ಮಾತ್ರ ಆಗಲೂ ಕಡಿಮೆಯೇ ಇರಲಿ. ಲೆನ್ಸಿನ ಫೋಕಸ್‌ನಲ್ಲಿ ಹಿಡಿದರೆ ಚೀಟಿ ಸುಡಬಹುದು. ಒಂದೊಂದು ಮಿರರ್ ಹಿಂದೆಯೂ ಒಂದೊಂದು ಚೀಟಿ ಅಂಟಿಸಿದರೆ ತಪ್ಪಿದ ಬೀಮೂ ಸಿಕ್ಕಿಬೀಳುತ್ತದೆ. ಕೊನೆಯ ಐರಿಸ್‌ಗೆ ಕ್ಯಾಮೆರಾ. ತೆಳು ಗಾಗಲ್ ಈಗ ಹೆಚ್ಚಾಗಿ ಪೆಟ್ಟಿಗೆಯಲ್ಲೇ ಇರುತ್ತದೆ, ಹೊಸಬರ ಕೈಗೆ ಅದನ್ನು ನಾನು ಕೊಡುವುದಿಲ್ಲ.

ಇದೆಲ್ಲ 532ಕ್ಕೆ ಮಾತ್ರ ಹೇಳಿದ್ದು. ಪಕ್ಕದ ಟೇಬಲ್‌ನಲ್ಲಿ 808 ನ್ಯಾನೋಮೀಟರ್ ಡಯೋಡ್ ಲೇಸರ್ ಇದೆ. ಅದರ ಬೆಳಕು ಕಣ್ಣಿಗೆ ಕಾಣುವುದೇ ಕಷ್ಟ, ಮಿಟುಕೂ ಕಾಯುವುದಿಲ್ಲ. ನಮ್ಮ ಕಿತ್ತಳೆ ಗಾಗಲ್ ಅದನ್ನು ತಡೆಯುವುದೂ ಇಲ್ಲ. ಬಣ್ಣ ನೋಡಿ ಗಾಗಲ್ ಎತ್ತಿಕೊಳ್ಳಬೇಡಿ, ಫ್ರೇಮ್ ಮೇಲಿನ ಅಂಕಿ ಓದಿ. ನಮ್ಮಲ್ಲಿ ಎರಡಕ್ಕೂ ಬೇರೆ ಬೇರೆ ಮೊಳೆ ಹೊಡೆದು, ಮೇಲೆ ದಪ್ಪಗೆ 532, 808 ಅಂತ ಬರೆದು ನೇತು ಹಾಕಿದ್ದೇವೆ.