ಹಸುಗೂಸಿನ ಮುಂದೊಗಲು ಹಿಂದೆ ಸರಿಯದಿರುವುದು ಕಾಯಿಲೆಯಲ್ಲ, ಸುನ್ನತಿಗೆ ಸಹಿ ಹಾಕುವ ಮೊದಲು ಓದಿ

ಗಂಡು ಮಗು ಹುಟ್ಟಿದ ಮನೆಯವರು ದಯವಿಟ್ಟು ಇದನ್ನು ಪೂರ್ತಿ ಓದಿ. ಹೆರಿಗೆ ಹತ್ತಿರವಿರುವವರು ತಪ್ಪದೇ ಓದಿ. ನಮ್ಮ ಮಗನಿಗೆ ಕಾಯಿಲೆಯಿದೆ ಎಂದು ಆಸ್ಪತ್ರೆಯಲ್ಲಿ ಹೆದರಿಸಿ, ಅವಸರಪಡಿಸಿ, ಸಹಿ ಹಾಕಿಸಿಕೊಂಡು ಸುನ್ನತಿ ಮಾಡಿದರು. ಕಾಯಿಲೆ ಇರಲಿಲ್ಲ. ಇರಲೇ ಇಲ್ಲ. ಮಗುವಿನ ಗುಪ್ತಾಂಗದ ವಿಷಯವನ್ನು ನಾಲ್ಕು ಜನರ ಮುಂದೆ ಇಡಬೇಡ ಎಂದು ಮನೆಯ ಹಿರಿಯರು ಹೇಳುತ್ತಿದ್ದಾರೆ. ನನಗೂ ನಾಚಿಕೆಯಾಗುತ್ತದೆ. ಆದರೆ ಈ ನಾಚಿಕೆಯನ್ನು ನಂಬಿಕೊಂಡೇ ಅಲ್ಲಿಯ ವ್ಯವಹಾರ ನಡೆಯುತ್ತಿದೆ ಎಂದು ಅರ್ಥವಾದ ಮೇಲೆ ಬಾಯಿ ಮುಚ್ಚಿಕೊಂಡಿರಲು ಆಗುತ್ತಿಲ್ಲ.

ಧರ್ಮದ ಕಾರಣಕ್ಕೆ ಸುನ್ನತಿ ಮಾಡಿಸುವವರ ಬಗ್ಗೆ ನನಗೆ ತಕರಾರಿಲ್ಲ. ಎಲ್ಲವನ್ನೂ ಕೇಳಿ ತಿಳಿದು, ಮಾಡಿಸೋಣ ಎಂದು ತೀರ್ಮಾನಿಸುವ ಅಪ್ಪ ಅಮ್ಮಂದಿರ ಬಗ್ಗೆಯೂ ಇಲ್ಲ. ನಮಗೆ ಹೇಳಿದ ಸುಳ್ಳಿನ ಬಗ್ಗೆ ಮಾತ್ರ ಬರೆಯುತ್ತಿದ್ದೇನೆ.

ಡಿಸ್ಚಾರ್ಜ್ ಆಗುವ ಬೆಳಿಗ್ಗೆ. ಮನೆಯವರು ಬಿಲ್ ಕಟ್ಟಲು ಕೆಳಗೆ ಹೋಗಿದ್ದರು. ಹೊಲಿಗೆಯ ನೋವಿನಲ್ಲಿ ನನಗೆ ನೆಟ್ಟಗೆ ಕೂರಲೂ ಆಗುತ್ತಿರಲಿಲ್ಲ. ಡಾಕ್ಟರ್ ಬಂದು, ಮಗುವಿನ ಬಟ್ಟೆ ಬಿಚ್ಚಿಸಿ, ಎರಡು ಬೆರಳಿನಲ್ಲಿ ಆ ಚರ್ಮ ಹಿಡಿದು ಹಿಂದಕ್ಕೆ ಎಳೆದರು. ಮಗು ಒಮ್ಮೆಲೇ ಕಿರುಚಿತು.

"ನೋಡಮ್ಮ, ಹಿಂದೆ ಬರುತ್ತಲೇ ಇಲ್ಲ. ತುಂಬಾ ಬಿಗಿ ಇದೆ. ಇದು ಫೈಮೋಸಿಸ್, ಮುಂದೊಗಲು ಬಿಗಿಯಾಗಿ ಹಿಂದೆ ಸರಿಯದ ಕಾಯಿಲೆ."

"ಮೂತ್ರ ಸರಿಯಾಗಿ ಹೋಗುತ್ತಿದೆಯಲ್ಲ ಡಾಕ್ಟರ್" ಎಂದೆ.

"ಈಗ ಹೋಗುತ್ತದೆ. ಮುಂದೆ ಕಟ್ಟಿಕೊಳ್ಳುತ್ತದೆ. ಸೋಂಕು ಕಿಡ್ನಿಗೆ ಏರಿದರೆ ಏನು ಮಾಡುತ್ತೀರಿ? ದೊಡ್ಡವನಾದ ಮೇಲೆ ಪೂರ್ತಿ ಅರಿವಳಿಕೆ ಕೊಡಬೇಕು. ಈಗಾದರೆ ಹತ್ತು ನಿಮಿಷದ ಕೆಲಸ, ಮಗುವಿಗೆ ನೋವೇ ಗೊತ್ತಾಗುವುದಿಲ್ಲ."

ಮನೆಯಲ್ಲಿ ಮಾತಾಡಿ ಹೇಳುತ್ತೇವೆ ಎಂದೆ. ಡಿಸ್ಚಾರ್ಜ್ ಆದ ಮೇಲೆ ಮತ್ತೆ ದಾಖಲಾಗಬೇಕು, ಮಗುವಿಗೇ ತೊಂದರೆ, ನಿಮ್ಮಿಷ್ಟ ಎಂದರು. ಆ "ನಿಮ್ಮಿಷ್ಟ" ಎಂಬ ಮಾತನ್ನು ಅವರು ಹೇಳಿದ ರೀತಿಯಲ್ಲಿ, ಬೇಡವೆಂದರೆ ನಾನು ತಾಯಿಯೇ ಅಲ್ಲ ಎನ್ನುವಂತಿತ್ತು. ಮನೆಯವರು ಮೇಲೆ ಬರುವಷ್ಟರಲ್ಲಿ ನರ್ಸ್ ಒಪ್ಪಿಗೆ ಪತ್ರ ಹಿಡಿದು ನಿಂತಿದ್ದರು. ಸಹಿ ಹಾಕಬೇಕಾದ ಕಡೆ ಪೆನ್ಸಿಲ್‌ನಲ್ಲಿ ಗುರುತು, ಕಾರಣದ ಜಾಗದಲ್ಲಿ ಆಗಲೇ ಶಾಯಿಯಲ್ಲಿ ಬರೆದಿದ್ದ ಫೈಮೋಸಿಸ್. ಕಿಡ್ನಿಯ ಹೆಸರು ಕೇಳಿದ ಯಾವ ಅಪ್ಪ ಅಮ್ಮ ಆ ಹೊತ್ತಿನಲ್ಲಿ ಸಹಿ ಹಾಕುವುದಿಲ್ಲ ಹೇಳಿ.

ನೋವೇ ಗೊತ್ತಾಗುವುದಿಲ್ಲ ಎಂದಿದ್ದರಲ್ಲ. ಬಾಗಿಲಿನ ಆಚೆಯಿಂದ ಕೇಳಿದ ಅಳು ಈಗಲೂ ಕಿವಿಯಲ್ಲಿದೆ. ಹೊರಗೆ ತಂದಾಗ ಮಗು ಅಳುವುದನ್ನೂ ಬಿಟ್ಟು ಗಲ್ಲ ನಡುಗಿಸುತ್ತಿತ್ತು. ಬಾಯಿಯಲ್ಲಿ ಸಕ್ಕರೆ ನೀರಿನ ಹತ್ತಿ. ಮನೆಗೆ ಬಂದ ಮೇಲೆ ಗಾಯದ ಮೇಲಿನ ಬಟ್ಟೆ ಒಣಗಿ ಅಂಟಿಕೊಂಡು, ಅದನ್ನು ಬೆಚ್ಚಗಿನ ನೀರಿನಲ್ಲಿ ನೆನೆಸಿ ನೆನೆಸಿ ಬಿಡಿಸಬೇಕಾಗುತ್ತಿತ್ತು. ಪ್ರತಿ ಸಲವೂ ಅದೇ ಕಿರುಚಾಟ.

ಗಾಯ ಒಣಗಿದ ಮೇಲೆ ಒಂದು ಕಡೆ ಚರ್ಮ ತುದಿಗೆ ಅಂಟಿಕೊಂಡಂತೆ ಕಂಡು, ಬೇರೆ ಕಡೆ ಮಕ್ಕಳ ಶಸ್ತ್ರಚಿಕಿತ್ಸಕರ ಹತ್ತಿರ ಹೋದೆವು. ಏಕೆ ಮಾಡಿಸಿದಿರಿ ಎಂದು ಕೇಳಿದರು. ಫೈಮೋಸಿಸ್ ಇತ್ತು ಎಂದೆ, ಬಹಳ ತಿಳಿದವಳಂತೆ. ಅವರು ಬರೆಯುವುದನ್ನು ನಿಲ್ಲಿಸಿ ನಮ್ಮಿಬ್ಬರ ಮುಖ ನೋಡಿದರು.

"ಹುಟ್ಟಿದ ಮಗುವಿಗೆ ಫೈಮೋಸಿಸ್ ಎಂದು ಹೇಳಿದರೇ?"

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಮುಖವೆಲ್ಲ ಬಿಸಿಯಾಯಿತು. ಓದಿದವರು, ಕೆಲಸದಲ್ಲಿರುವವರು, ನಾವಿಬ್ಬರೂ ಅಲ್ಲಿ ತಲೆ ತಗ್ಗಿಸಿ ಕೂತಿದ್ದೆವು. ಆಮೇಲೆ ಅವರು ತಾಳ್ಮೆಯಿಂದ ವಿವರಿಸಿದರು. ಹುಟ್ಟಿದಾಗ ಬಹುತೇಕ ಎಲ್ಲ ಗಂಡು ಮಕ್ಕಳಲ್ಲೂ ಆ ಚರ್ಮ ಒಳಗಿನ ತುದಿಗೆ ಅಂಟಿಯೇ ಇರುತ್ತದೆ, ಉಗುರು ಬೆರಳಿಗೆ ಅಂಟಿರುವಂತೆ. ತಾನಾಗಿಯೇ ನಿಧಾನಕ್ಕೆ ಬಿಡಿಸಿಕೊಳ್ಳುತ್ತದೆ, ಕೆಲವರಲ್ಲಿ ಹರೆಯದವರೆಗೂ ಸಮಯ ಹಿಡಿಯುತ್ತದೆ. ಎಳೆಯುವ ಅಗತ್ಯವೇ ಇಲ್ಲ. ಎಳೆದರೆ ಒಳಗೆ ಹರಿದು, ಕಲೆಗಟ್ಟಿ, ಇಲ್ಲದ ಫೈಮೋಸಿಸ್ ನಿಜವಾಗಿಯೂ ಬರಬಹುದು. ಅಂದರೆ ಆ ಡಾಕ್ಟರ್ ಪರೀಕ್ಷೆ ಎಂದು ಮಾಡಿದ್ದೇ ಮಗುವಿಗೆ ಮಾಡಬಾರದ ಕೆಲಸ!

ಮನೆಗೆ ಬಂದು ನಾನೇ ಹುಡುಕಿ ಓದಿದೆ. ಇದೇನು ಹೊಸದಾಗಿ ಕಂಡುಹಿಡಿದ ಸಂಗತಿಯಲ್ಲ. 1949ರಲ್ಲೇ ಡಗ್ಲಸ್ ಗೇರ್ಡ್ನರ್ ಎಂಬ ಬ್ರಿಟಿಷ್ ಮಕ್ಕಳ ವೈದ್ಯರು ಬರೆದಿದ್ದಾರೆ: ಅವರು ನೋಡಿದ ನವಜಾತ ಶಿಶುಗಳಲ್ಲಿ ಮುಂದೊಗಲು ಪೂರ್ತಿ ಹಿಂದೆ ಸರಿಯುತ್ತಿದ್ದುದು ಕೇವಲ ಶೇಕಡಾ 4ರಷ್ಟು ಮಕ್ಕಳಲ್ಲಿ. ಉಳಿದವರಲ್ಲಿ ನನ್ನ ಮಗನಂತೆಯೇ ಪೂರ್ತಿ ಸರಿಯುತ್ತಿರಲಿಲ್ಲ! 1968ರಲ್ಲಿ ಡೆನ್ಮಾರ್ಕ್‌ನ ಯಾಕೊಬ್ ಓಸ್ಟರ್ ಶಾಲಾ ಹುಡುಗರನ್ನು ನೋಡಿ ಬರೆದದ್ದೂ ಅದನ್ನೇ. ಆರೇಳು ವರ್ಷದವರಲ್ಲಿ ಶೇಕಡಾ 8ರಷ್ಟಿದ್ದ ಬಿಗಿತ, ಹದಿನಾರು ಹದಿನೇಳಕ್ಕೆ ಬರುವ ಹೊತ್ತಿಗೆ ಶೇಕಡಾ 1ಕ್ಕೆ ಇಳಿದಿತ್ತು. ಇಷ್ಟು ಹಳೆಯ ಮಾತು ಮಕ್ಕಳನ್ನು ದಿನವೂ ನೋಡುವ ಡಾಕ್ಟರಿಗೆ ಗೊತ್ತಿರಲಿಲ್ಲ ಎಂದರೆ ನಾನು ನಂಬುವುದಿಲ್ಲ.

ಕಿಡ್ನಿಯ ಮಾತಿಗೆ ಬರುತ್ತೇನೆ. ಸುನ್ನತಿಯಿಂದ ಮೊದಲ ವರ್ಷದ ಮೂತ್ರದ ಸೋಂಕು ಕಡಿಮೆಯಾಗುವುದು ನಿಜ. ಆದರೆ ಆರೋಗ್ಯವಂತ ಗಂಡು ಮಕ್ಕಳಲ್ಲಿ ಆ ಸೋಂಕು ಬರುವುದೇ ನೂರಕ್ಕೆ ಒಬ್ಬರಷ್ಟರಲ್ಲಿ. ಒಂದು ಸೋಂಕು ತಪ್ಪಿಸಲು ನೂರಕ್ಕೂ ಹೆಚ್ಚು ಮಕ್ಕಳಿಗೆ ಕತ್ತರಿಸಬೇಕು. ಬಂದರೂ ಸಾಮಾನ್ಯವಾಗಿ ಔಷಧದಿಂದ ಗುಣವಾಗುತ್ತದೆ. ಸುನ್ನತಿಯ ಪರವಾಗಿ ಎಲ್ಲರೂ ತೋರಿಸುವ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಕೂಡ 2012ರಲ್ಲಿ, ಅಪಾಯಕ್ಕಿಂತ ಪ್ರಯೋಜನ ಹೆಚ್ಚು ಎಂದರೂ, ಎಲ್ಲ ಮಕ್ಕಳಿಗೂ ಮಾಡಿ ಎಂದು ಶಿಫಾರಸು ಮಾಡುವಷ್ಟಿಲ್ಲ ಎಂದೇ ಹೇಳಿತು. ಒಂದು ಕಡೆಗೆ ವಾಲದ ಮಾಹಿತಿ ಕೊಟ್ಟು ತೀರ್ಮಾನವನ್ನು ಪೋಷಕರಿಗೆ ಬಿಡಬೇಕು, ನೋವು ನಿವಾರಣೆ ಕೊಡಲೇಬೇಕು, ಸಕ್ಕರೆ ನೀರೊಂದೇ ಸಾಲದು ಎಂದೂ ಹೇಳಿತ್ತು. ಕೆನಡಾದ ಮಕ್ಕಳ ವೈದ್ಯರ ಸಂಘ 2015ರಲ್ಲಿ, ಪ್ರತಿ ನವಜಾತ ಶಿಶುವಿಗೂ ಮಾಡುವುದನ್ನು ಶಿಫಾರಸು ಮಾಡುವುದಿಲ್ಲ ಎಂದಿತು. ಇದರಲ್ಲಿ ಒಂದು ಸಾಲನ್ನಾದರೂ ನಮಗೆ ಹೇಳಿದರೇ? ಇಲ್ಲ.

ದಾಖಲೆಗಳ ಪ್ರತಿ ಕೇಳಿ ತೆಗೆದುಕೊಂಡೆವು. ಆಗ ಕಂಡದ್ದನ್ನು ನೋಡಿ ನನ್ನ ಕೈ ನಡುಗಿತು. ಶಸ್ತ್ರಚಿಕಿತ್ಸೆಗೆ ಸಮಯ ಗೊತ್ತುಮಾಡಿದ್ದು ಹಿಂದಿನ ಸಂಜೆ! ಡಾಕ್ಟರ್ ಬಂದು ಮಗುವನ್ನು ಮುಟ್ಟಿ, ಕಾಯಿಲೆ "ಕಂಡುಹಿಡಿದದ್ದು" ಮರುದಿನ ಬೆಳಿಗ್ಗೆ. ಅಂದರೆ ನಾನು ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡು ಪ್ರಶ್ನೆ ಕೇಳುತ್ತಿದ್ದಾಗ ಎಲ್ಲವೂ ತೀರ್ಮಾನವಾಗಿತ್ತು. ಅರಿವಳಿಕೆಯ ಜಾಗ ಖಾಲಿ. ಮನೆತನದಲ್ಲಿ ಯಾರಿಗಾದರೂ ರಕ್ತಸ್ರಾವದ ಕಾಯಿಲೆ ಇದೆಯೇ ಎಂಬ ಪ್ರಶ್ನೆಯ ಮುಂದೆ "ಇಲ್ಲ" ಎಂದು ಬರೆದಿದ್ದರು. ನಮ್ಮನ್ನು ಯಾರೂ ಕೇಳಿಯೇ ಇರಲಿಲ್ಲ.

ಕೇಳಲು ಹೋದಾಗ ಬಂದ ಉತ್ತರಗಳನ್ನೂ ಓದಿ. ಮೊದಲು, "ಮಗು ಚೆನ್ನಾಗಿದೆಯಲ್ಲ, ಇನ್ನೇನು?" ಆಮೇಲೆ, "ಎಷ್ಟೋ ಜನ ಮಾಡಿಸುತ್ತಾರೆ, ಯಾರೂ ಹೀಗೆ ಬಂದು ಕೇಳಿಲ್ಲ." ಫೈಮೋಸಿಸ್ ಎಂದು ಹೇಗೆ ಹೇಳಿದಿರಿ ಎಂದು ಬಿಡದೆ ಕೇಳಿದಾಗ, "ಸಹಿ ನಿಮ್ಮದೇ ಅಲ್ಲವೇನಮ್ಮ?" ಹಿಂದಿನ ಸಂಜೆಯ ದಾಖಲೆ ತೋರಿಸಿದಾಗ, "ಅದು ಗುಮಾಸ್ತರ ತಪ್ಪಿರಬೇಕು." ಅರಿವಳಿಕೆ ಕೊಟ್ಟಿಲ್ಲವೇಕೆ ಎಂದದ್ದಕ್ಕೆ, "ಚಿಕ್ಕ ಮಕ್ಕಳಿಗೆ ನೆನಪಿರುವುದಿಲ್ಲ." ನೆನಪಿರುವುದಿಲ್ಲವಂತೆ! ನೆನಪಿರುವುದಿಲ್ಲ ಎಂದು ನೋಯಿಸಬಹುದೇ?

ನಿಮ್ಮ ಮಗುವಿನ ಮುಂದೊಗಲನ್ನು ಯಾರಿಗೂ ಎಳೆಯಲು ಬಿಡಬೇಡಿ, ಡಾಕ್ಟರಾದರೂ ಸರಿ, ಎಣ್ಣೆ ಹಚ್ಚಿ ನೀವುವ ಹಿರಿಯರಾದರೂ ಸರಿ. ಹೊರಗಿನಿಂದ ತೊಳೆದರೆ ಸಾಕು. ಮೂತ್ರವೇ ಹೋಗದಿದ್ದರೆ, ಚರ್ಮದ ತುದಿ ಬಿಳಿಚಿ ಗಟ್ಟಿಯಾದರೆ, ಪದೇ ಪದೇ ಕೀವು ಬಂದರೆ ತೋರಿಸಲೇಬೇಕು. ದೊಡ್ಡ ಮಕ್ಕಳಲ್ಲಿ ನಿಜವಾದ ಬಿಗಿತವಿದ್ದರೂ ಎಷ್ಟೋ ಸಲ ಸ್ಟೆರಾಯ್ಡ್ ಮುಲಾಮಿನಿಂದಲೇ ಸರಿಹೋಗುತ್ತದೆ. ಮಾಡಿಸಲೇಬೇಕೆಂದಿದ್ದರೆ, ಮೂತ್ರದ್ವಾರ ಇರಬೇಕಾದ ಜಾಗದಲ್ಲೇ ಇದೆಯೇ ಎಂದು ಮೊದಲು ನೋಡಿಸಿ. ಕೆಳಗಡೆ ಇದ್ದರೆ ಅದನ್ನು ಸರಿಪಡಿಸಲು ಮುಂದೆ ಇದೇ ಚರ್ಮ ಬೇಕಾಗಬಹುದು. ಮರಗಟ್ಟಿಸುವ ಚುಚ್ಚುಮದ್ದು ಯಾವುದು, ಕೊಡುವವರು ಯಾರು ಎಂದು ಬರೆಸಿಕೊಳ್ಳಿ. ಡಿಸ್ಚಾರ್ಜ್ ದಿನ ಮಾತ್ರ ಸುನ್ನತಿಯ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಲಿಖಿತ ದೂರು ಕೊಟ್ಟಿದ್ದೇವೆ. ಪರಿಶೀಲಿಸುತ್ತೇವೆ ಎಂಬ ಉತ್ತರ ಬಂದಿದೆ, ಅಷ್ಟೇ. ನಿಮಗೂ ಹೀಗೇ ಆಗಿದ್ದರೆ ದಾಖಲೆಗಳ ಪ್ರತಿಯನ್ನು ಇಂದೇ ಕೇಳಿ ತೆಗೆದುಕೊಳ್ಳಿ, ದಿನಾಂಕ ಮತ್ತು ಅರಿವಳಿಕೆಯ ಜಾಗವನ್ನು ಮೊದಲು ನೋಡಿ.